ನೂರಕ್ಕೆ ಅರವತ್ತೆರಡು

ಕಂದಾಯ ಇಲಾಖೆಯ ಲೆಕ್ಕದಲ್ಲಿ ತುಮಕೂರು ಒಂದೇ ಜಿಲ್ಲೆ. ಶಿಕ್ಷಣ ಇಲಾಖೆಯ ಲೆಕ್ಕದಲ್ಲಿ ಅದು ಎರಡು. ಮಧುಗಿರಿ, ಶಿರಾ, ಕೊರಟಗೆರೆ, ಪಾವಗಡ ಈ ನಾಲ್ಕು ತಾಲ್ಲೂಕುಗಳು ಸೇರಿ ಮಧುಗಿರಿ ಶೈಕ್ಷಣಿಕ ಜಿಲ್ಲೆ. ಎಸ್ಸೆಸ್ಸೆಲ್ಸಿ ಫಲಿತಾಂಶ ಬಂದ ದಿನ ರಾಜ್ಯದ ಪಟ್ಟಿಯಲ್ಲಿ ಈ ನಾಲ್ಕು ತಾಲ್ಲೂಕುಗಳಿಗೆ ಬೇರೆಯೇ ಸ್ಥಾನ. ಜಿಲ್ಲೆ ಎಷ್ಟನೆಯದು, ಶಾಲೆ ಎಷ್ಟನೆಯದು, ಪಕ್ಕದ ಮನೆಯ ಹುಡುಗಿಗೆ ಎಷ್ಟು, ನಮ್ಮವನಿಗೆ ಎಷ್ಟು ಎಂಬ ಮಾತು ಬೀದಿಬೀದಿಯಲ್ಲಿ ನಡೆಯುತ್ತದೆ.

ಅಂಥ ದಿನ ನೂರಕ್ಕೆ ಅರವತ್ತೆರಡು ಅಂಕ ತಂದ ಹುಡುಗ ಮನೆಯ ಹೊಸ್ತಿಲು ದಾಟಲು ಹಿಂಜರಿಯುತ್ತಾನೆ. ಅವನದು ಪ್ರಥಮ ದರ್ಜೆಯೇ. ಅವನ ತಂದೆಯ ಕಾಲದಲ್ಲಾಗಿದ್ದರೆ ಮನೆಯಲ್ಲಿ ಪಾಯಸ ಮಾಡುತ್ತಿದ್ದರು. ಈಗ ತೊಂಬತ್ತು ದಾಟದಿದ್ದರೆ ಮನೆಯಲ್ಲಿ ಮಾತೇ ಇಲ್ಲ. ಇನ್ನು ಅನುತ್ತೀರ್ಣನಾದವನ ಗತಿಯನ್ನು ಹೇಳಬೇಕಾಗಿಲ್ಲ. ಫಲಿತಾಂಶದ ಮಾರನೆಯ ದಿನ ಪತ್ರಿಕೆಯ ಮೂಲೆಯಲ್ಲಿ ಬರುವ ಸುದ್ದಿಗಳು ಎಲ್ಲ ತಾಯಿತಂದೆಯರಿಗೂ ಗೊತ್ತು.

ಇದೇ ಅರವತ್ತೆರಡನ್ನು ತಮ್ಮ ಜೀವಮಾನದ ಗಳಿಕೆಯಾಗಿ ಪಡೆದ ಒಬ್ಬರಿದ್ದಾರೆ. ಅವರು ಫುಟ್‌ಬಾಲ್ ಆಟಗಾರ ಸುನಿಲ್ ಛೆಟ್ರಿ. 2024ರ ಜೂನ್‌ನಲ್ಲಿ ಭಾರತ ತಂಡದಿಂದ ಬೀಳ್ಕೊಂಡಾಗ ಅವರು ದೇಶದ ಪರ ಆಡಿದ್ದು 151 ಪಂದ್ಯ, ಹೊಡೆದದ್ದು 94 ಗೋಲು. 94ನ್ನು 151ರಿಂದ ಭಾಗಿಸಿದರೆ ಬರುವುದು 0.62. ಭಾರತದ ಪರ ಇಷ್ಟು ಗೋಲು ಹೊಡೆದವರು ಇನ್ನೊಬ್ಬರಿಲ್ಲ. ಅಂದು ಇಡೀ ಜಗತ್ತಿನ ಪುರುಷರ ಪಟ್ಟಿಯಲ್ಲೂ ಅವರಿಗಿಂತ ಮೇಲಿದ್ದವರು ಮೂವರೇ: ಪೋರ್ಚುಗಲ್‌ನ ರೊನಾಲ್ಡೊ, ಅರ್ಜೆಂಟೀನಾದ ಮೆಸ್ಸಿ, ಇರಾನಿನ ಅಲಿ ದಾಯಿ.

ಗಣಿತದಲ್ಲಿ ಚುರುಕಾದ ವಿದ್ಯಾರ್ಥಿ ಇಲ್ಲಿ ಕೈ ಎತ್ತಬೇಕು. ಒಂದು ಪಂದ್ಯದಲ್ಲಿ ಇಷ್ಟೇ ಗೋಲು ಎಂಬ ಮಿತಿ ಇಲ್ಲ. ಮೂರೂ ಹೊಡೆಯಬಹುದು, ಸೊನ್ನೆಯೂ ಆಗಬಹುದು. ಹಾಗಾಗಿ 0.62 ಎಂಬುದು ಶೇಕಡಾವಾರು ಅಲ್ಲ, ಪಂದ್ಯವೊಂದಕ್ಕೆ ಗೋಲಿನ ಸರಾಸರಿ. ಮಾತು ಸರಿ. ಆದರೆ ಈ ತಿದ್ದುಪಡಿಯಿಂದ ವಿಷಯ ಇನ್ನಷ್ಟು ಸ್ಪಷ್ಟವಾಗುತ್ತದೆ. ಒಂದೇ ದಿನ ಮೂರು ಗೋಲು ಹೊಡೆದ ಪಂದ್ಯಗಳು ಸರಾಸರಿಯನ್ನು ಮೇಲೆತ್ತಿವೆ. ಅಂದರೆ ಒಂದೂ ಗೋಲಿಲ್ಲದೆ ಮನೆಗೆ ಹೋದ ದಿನಗಳು ಅವರಿಗೆ ಬೇಕಾದಷ್ಟಿದ್ದವು.

ಮುಂದೆ ನಿಲ್ಲುವವನ ಕೆಲಸ

ಹನ್ನೊಂದು ಮಂದಿಯ ಫುಟ್‌ಬಾಲ್ ತಂಡದಲ್ಲಿ ಫಾರ್ವರ್ಡ್ ಎಂದರೆ ಎದುರಾಳಿಯ ಗೋಲುಪೆಟ್ಟಿಗೆಯ ಹತ್ತಿರ ಆಡುವವನು. 90 ನಿಮಿಷದ ಆಟದಲ್ಲಿ ಒಬ್ಬ ಆಟಗಾರನ ಕಾಲಿನ ಬಳಿ ಚೆಂಡು ಇರುವುದು ಒಟ್ಟು ಎರಡು ಮೂರು ನಿಮಿಷ ಮಾತ್ರ. ಉಳಿದ ಹೊತ್ತೆಲ್ಲ ಓಡುವುದು, ಜಾಗ ಹುಡುಕುವುದು, ಕಾಯುವುದು. ಕಬಡ್ಡಿಯಲ್ಲಿ ದಾಳಿಗೆ ಹೋದವನು ಎಷ್ಟೋ ಸಲ ಬರಿಗೈಯಲ್ಲಿ ಮರಳುತ್ತಾನೆ. ಆದರೂ ಮುಂದಿನ ಸರದಿಗೆ ಅವನೇ ಗೆರೆ ದಾಟುತ್ತಾನೆ. ಫಾರ್ವರ್ಡ್‌ನ ಕೆಲಸವೂ ಅಂಥದೇ. ತಪ್ಪಿದ ಹೊಡೆತಗಳೇ ಹೆಚ್ಚು. ತಪ್ಪಿದ ಮೇಲೆ ಮತ್ತೆ ಅದೇ ಜಾಗಕ್ಕೆ ಹೋಗಿ ನಿಲ್ಲುವುದು ಅವನ ವೃತ್ತಿ.

ಛೆಟ್ರಿಯವರು ಹುಟ್ಟಿದ್ದು 1984ರ ಆಗಸ್ಟ್ 3ರಂದು ಸಿಕಂದರಾಬಾದಿನಲ್ಲಿ. ತಂದೆ ಸೇನೆಯಲ್ಲಿದ್ದವರು. ತಾಯಿ ಮತ್ತು ಆಕೆಯ ಅವಳಿ ಸೋದರಿ ಇಬ್ಬರೂ ನೇಪಾಳದ ಮಹಿಳಾ ಫುಟ್‌ಬಾಲ್ ತಂಡದಲ್ಲಿ ಆಡಿದವರು. ಹುಡುಗಿಯರಿಗೆ ಆಟವೇಕೆ ಎಂದು ಕೇಳುವ ಮನೆಗಳಲ್ಲಿ ಈ ಸಂಗತಿಯನ್ನು ಒಮ್ಮೆ ಓದಿ ಹೇಳಬಹುದು.

2001ರಲ್ಲಿ ಏಷ್ಯಾದ ಶಾಲಾ ತಂಡಗಳ ಪಂದ್ಯಾವಳಿಗೆ ಆಯ್ಕೆಯಾದ ಹುಡುಗ, ಹನ್ನೆರಡನೆಯ ತರಗತಿಗೆ ಸೇರಿದ ಹೊಸದರಲ್ಲೇ ಕೋಲ್ಕತ್ತದ ಮೋಹನ್ ಬಾಗಾನ್ ಕ್ಲಬ್ಬಿನಿಂದ ಕರೆ ಪಡೆದ. 2002ರಲ್ಲಿ ಅಲ್ಲಿ ವೃತ್ತಿ ಆರಂಭವಾಯಿತು. ಮುಂದೆ ಪಂಜಾಬಿನ ಫಗ್ವಾರಾದ ಜೆಸಿಟಿ ಗಿರಣಿಯ ತಂಡ. 2005ರ ಜೂನ್ 12ರಂದು ಕ್ವೆಟ್ಟಾದಲ್ಲಿ ಪಾಕಿಸ್ತಾನದ ವಿರುದ್ಧ ಭಾರತದ ಪರ ಮೊದಲ ಪಂದ್ಯ. ಆ ದಿನವೇ ಮೊದಲ ಗೋಲು. ಆಗ ವಯಸ್ಸು 20.

2008ರ ಆಗಸ್ಟ್‌ನಲ್ಲಿ ದೆಹಲಿಯಲ್ಲಿ ಎಎಫ್‌ಸಿ ಚಾಲೆಂಜ್ ಕಪ್ ಫೈನಲ್ ನಡೆಯಿತು. ತಜಿಕಿಸ್ತಾನದ ವಿರುದ್ಧ ಭಾರತ 4–1ರಿಂದ ಗೆದ್ದಿತು. ನಾಲ್ಕರಲ್ಲಿ ಮೂರು ಗೋಲು ಛೆಟ್ರಿಯವರದು. ಆ ಗೆಲುವಿನಿಂದ 27 ವರ್ಷಗಳ ಅನಂತರ, 2011ರಲ್ಲಿ, ಭಾರತ ಏಷ್ಯಾ ಕಪ್‌ನಲ್ಲಿ ಆಡುವಂತಾಯಿತು.

ಮುಚ್ಚಿದ ಬಾಗಿಲುಗಳು

ಇಷ್ಟು ಓದಿದವರಿಗೆ ಎಲ್ಲವೂ ಸಲೀಸಾಗಿ ನಡೆಯಿತು ಎನಿಸಬಹುದು. ನಡೆಯಲಿಲ್ಲ. ಮಧುಗಿರಿ ಬೆಟ್ಟದ ಕೋಟೆ ಹತ್ತಿದವರಿಗೆ ಗೊತ್ತು, ಅಲ್ಲಿ ಒಂದು ಬಾಗಿಲು ದಾಟಿದರೆ ಮತ್ತೊಂದು ಬಾಗಿಲು. ಛೆಟ್ರಿಯವರ ಎದುರಿಗೂ ಹಾಗೆಯೇ ಸಾಲಾಗಿ ಬಾಗಿಲುಗಳು ಬಂದವು. ವ್ಯತ್ಯಾಸವೆಂದರೆ ಅವುಗಳಲ್ಲಿ ಕೆಲವು ತೆರೆಯಲೇ ಇಲ್ಲ.

2009ರಲ್ಲಿ ಇಂಗ್ಲೆಂಡಿನ ಕ್ವೀನ್ಸ್ ಪಾರ್ಕ್ ರೇಂಜರ್ಸ್ ಕ್ಲಬ್ ಮೂರು ವರ್ಷದ ಒಪ್ಪಂದಕ್ಕೆ ಮುಂದಾಯಿತು. ಆದರೆ ಬ್ರಿಟನ್ ಸರ್ಕಾರ ಕೆಲಸದ ಪರವಾನಗಿ ಕೊಡಲಿಲ್ಲ. ಭಾರತ ಜಾಗತಿಕ ಕ್ರಮಾಂಕದಲ್ಲಿ ಮೊದಲ 70ರೊಳಗೆ ಇಲ್ಲ ಎಂಬುದು ಕಾರಣ. ಹುಡುಗನ ಆಟದಲ್ಲಿ ಕೊರತೆ ಇದೆ ಎಂದು ಯಾರೂ ಹೇಳಲಿಲ್ಲ. ಅವನ ದೇಶದ ಸ್ಥಾನ ಕೆಳಗಿತ್ತು, ಅಷ್ಟೆ.

2010ರಲ್ಲಿ ಅಮೆರಿಕದ ಕ್ಯಾನ್ಸಸ್ ಸಿಟಿಗೆ ಹೋದರು. ಅಲ್ಲಿಯ ಲೀಗ್‌ನಲ್ಲಿ ಒಂದು ಪಂದ್ಯದಲ್ಲೂ ಕಣಕ್ಕಿಳಿಯುವ ಅವಕಾಶ ಸಿಗಲಿಲ್ಲ. 2012ರಲ್ಲಿ ಪೋರ್ಚುಗಲ್‌ನ ಹೆಸರಾಂತ ಸ್ಪೋರ್ಟಿಂಗ್ ಕ್ಲಬ್ ಸೇರಿಸಿಕೊಂಡಿತು. ಆದರೆ ಆಡಿಸಿದ್ದು ಎರಡನೆಯ ದರ್ಜೆಯ ‘ಬಿ’ ತಂಡದಲ್ಲಿ, ಅದೂ ಮೂರು ಪಂದ್ಯ ಮಾತ್ರ. ಗೋಲು ಒಂದೂ ಇಲ್ಲ. ಗೋವಾದ ಚರ್ಚಿಲ್ ಬ್ರದರ್ಸ್‌ಗೆ ಮರಳಿದರು. 2002ರಿಂದ 2013ರವರೆಗಿನ ಹನ್ನೊಂದು ವರ್ಷದಲ್ಲಿ ಅವರು ಆಡಿದ್ದು ಎಂಟು ಕ್ಲಬ್ಬುಗಳಿಗೆ. ಒಂದೆಡೆ ನೆಲೆ ನಿಂತದ್ದೇ ಇಲ್ಲ. ಆಗ ವಯಸ್ಸು 29ರ ಹತ್ತಿರ. ಫುಟ್‌ಬಾಲ್‌ನಲ್ಲಿ ಅದು ಇಳಿಜಾರು ಆರಂಭವಾಗುವ ವಯಸ್ಸು ಎನ್ನುತ್ತಾರೆ.

ಬೆಂಗಳೂರು ಕೊಟ್ಟ ನೆಲೆ

ಫುಟ್‌ಬಾಲ್ ಬೆಂಗಳೂರಿಗೆ ಹೊಸದಲ್ಲ. ಸ್ವತಂತ್ರ ಭಾರತ ಮೊದಲ ಸಲ ಒಲಿಂಪಿಕ್ಸ್ ಫುಟ್‌ಬಾಲ್ ಆಡಿದ್ದು 1948ರ ಲಂಡನ್ ಕೂಟದಲ್ಲಿ. ಜುಲೈ 31ರಂದು ಫ್ರಾನ್ಸ್ ವಿರುದ್ಧದ ಪಂದ್ಯದಲ್ಲಿ ನಮ್ಮವರಲ್ಲಿ ಹೆಚ್ಚಿನವರು ಬರಿಗಾಲಿನಲ್ಲಿ ಆಡಿದರು. 1–2ರಿಂದ ಸೋತರೂ ಆ ಒಂದು ಗೋಲನ್ನು ಹೊಡೆದವರು ಮೈಸೂರು ತಂಡದ ಆಟಗಾರ ಎಸ್. ರಾಮನ್. ಅಂದು ಭಾರತ ಎರಡು ಪೆನಾಲ್ಟಿಗಳನ್ನು ಕಳೆದುಕೊಂಡಿತ್ತು. 1962ರ ಜಕಾರ್ತಾ ಏಷ್ಯನ್ ಕ್ರೀಡಾಕೂಟದಲ್ಲಿ ಚಿನ್ನ ಗೆದ್ದ ತಂಡದಲ್ಲಿ ಬೆಂಗಳೂರಿನ ಅರುಮೈನಾಯಗಂ ಇದ್ದರು. ರಾಜ್ಯಗಳ ನಡುವಿನ ಸಂತೋಷ್ ಟ್ರೋಫಿಯನ್ನು 1968–69ರಲ್ಲಿ ಗೆದ್ದ ಮೇಲೆ ಮುಂದಿನ ಗೆಲುವಿಗೆ ರಾಜ್ಯ 54 ವರ್ಷ ಕಾಯಬೇಕಾಯಿತು. ಅದು ಬಂದದ್ದು 2023ರ ಮಾರ್ಚ್‌ನಲ್ಲಿ.

ಈ ನಡುವಿನ ಬರಗಾಲದಲ್ಲಿ, 2013ರಲ್ಲಿ, ಬೆಂಗಳೂರು ಎಫ್‌ಸಿ ಎಂಬ ಹೊಸ ಕ್ಲಬ್ ಹುಟ್ಟಿತು. ಅದರ ನಾಯಕತ್ವ ಛೆಟ್ರಿಯವರಿಗೆ ಬಂತು. ಮೊದಲ ವರ್ಷವೇ, 2013–14ರಲ್ಲಿ, ತಂಡ ಐ-ಲೀಗ್ ಗೆದ್ದಿತು. 2015–16ರಲ್ಲಿ ಮತ್ತೆ ಗೆದ್ದಿತು. 2016ರ ನವೆಂಬರ್‌ನಲ್ಲಿ ದೋಹಾದಲ್ಲಿ ಎಎಫ್‌ಸಿ ಕಪ್ ಫೈನಲ್ ತಲುಪಿ, ಇರಾಕಿನ ವಾಯುಪಡೆಯ ತಂಡಕ್ಕೆ 0–1ರಿಂದ ಸೋತಿತು. 2018–19ರಲ್ಲಿ ಇಂಡಿಯನ್ ಸೂಪರ್ ಲೀಗ್, 2022ರಲ್ಲಿ ಡ್ಯುರಾಂಡ್ ಕಪ್. ಎಲ್ಲೂ ನೆಲೆ ನಿಲ್ಲದವರು ಒಂದು ಊರಿನಲ್ಲಿ ಹತ್ತು ವರ್ಷಕ್ಕೂ ಮೀರಿ ನಿಂತರು. 29ರಲ್ಲಿ ಇಳಿಜಾರು ಎನ್ನುತ್ತಿದ್ದ ವೃತ್ತಿಯ ಅತ್ಯುತ್ತಮ ಭಾಗ ಅಲ್ಲಿಂದಲೇ ಆರಂಭವಾಯಿತು.

2023ರ ಜೂನ್ ಮತ್ತು ಜುಲೈನಲ್ಲಿ ಬೆಂಗಳೂರಿನ ಕಂಠೀರವ ಕ್ರೀಡಾಂಗಣದಲ್ಲಿ ದಕ್ಷಿಣ ಏಷ್ಯಾ ಚಾಂಪಿಯನ್‌ಷಿಪ್ ನಡೆಯಿತು. ಪಾಕಿಸ್ತಾನದ ವಿರುದ್ಧ ಅವರು ಮೂರು ಗೋಲು ಹೊಡೆದರು. ಫೈನಲ್‌ನಲ್ಲಿ ಭಾರತ ಕುವೈತ್ ತಂಡವನ್ನು ಪೆನಾಲ್ಟಿಗಳಲ್ಲಿ 5–4ರಿಂದ ಸೋಲಿಸಿತು. ಆಗ ಅವರಿಗೆ 38 ವರ್ಷ.

ಕುಳ್ಳಗಿನವರು ತಲೆಯಲ್ಲಿ ಹೊಡೆಯುವುದು ಹೇಗೆ?

ಛೆಟ್ರಿಯವರ ಎತ್ತರ ಸುಮಾರು 170 ಸೆಂಟಿಮೀಟರ್, ಅಂದರೆ ಐದು ಅಡಿ ಏಳು ಅಂಗುಲ. ರಕ್ಷಣೆಗೆ ನಿಲ್ಲುವ ಎದುರಾಳಿಗಳು ಸಾಮಾನ್ಯವಾಗಿ ಆರಡಿಯವರು. ಆದರೂ ಅವರು ತಲೆಯಿಂದ ಹೊಡೆದ ಗೋಲುಗಳು ಅನೇಕ. ಇದರ ಗುಟ್ಟು ಒಂಬತ್ತನೆಯ ತರಗತಿಯ ವಿಜ್ಞಾನ ಪಾಠದಲ್ಲಿಯೇ ಇದೆ.

ಒಬ್ಬನು ನೇರವಾಗಿ 45 ಸೆಂಟಿಮೀಟರ್ ಮೇಲಕ್ಕೆ ನೆಗೆದ ಎಂದುಕೊಳ್ಳಿ. ಗುರುತ್ವ ವೇಗೋತ್ಕರ್ಷವನ್ನು 9.8 ಎಂದು ಇಟ್ಟು ಲೆಕ್ಕ ಹಾಕಿದರೆ ತುದಿ ಮುಟ್ಟಲು ಸುಮಾರು 0.3 ಸೆಕೆಂಡ್, ಇಳಿಯಲು ಅಷ್ಟೇ. ಒಟ್ಟು 0.6 ಸೆಕೆಂಡ್ ಗಾಳಿಯಲ್ಲಿ. ಆದರೆ ತುದಿಯ ಹತ್ತಿರ ವೇಗ ಕಡಿಮೆ. ಹಾಗಾಗಿ ನೆಗೆತದ ಮೇಲಿನ ಕಾಲು ಭಾಗದಲ್ಲೇ, ಅಂದರೆ ಕೊನೆಯ 11 ಸೆಂಟಿಮೀಟರಿನಲ್ಲೇ, ಒಟ್ಟು ಹೊತ್ತಿನ ಅರ್ಧ ಕಳೆಯುತ್ತದೆ. ನೋಡುವವರಿಗೆ ಅವನು ಗಾಳಿಯಲ್ಲಿ ತೂಗಿದಂತೆ ಕಾಣುವುದು ಇದಕ್ಕೇ.

ಈಗ ಎದುರಾಳಿ ಆರಡಿಯವನಿರಲಿ. ಅವನು 0.3 ಸೆಕೆಂಡ್ ತಡವಾಗಿ ನೆಗೆದರೆ, ಕುಳ್ಳಗಿನವನು ತುದಿಯಲ್ಲಿರುವಾಗ ಅವನ ಕಾಲು ಇನ್ನೂ ನೆಲದ ಮೇಲೆ. ಎತ್ತರದ ಹತ್ತಾರು ಸೆಂಟಿಮೀಟರ್ ಲಾಭ ಅಲ್ಲಿಗೆ ಮುಗಿಯಿತು. ಚೆಂಡು ಎಲ್ಲಿಗೆ, ಯಾವಾಗ ಬರುತ್ತದೆ ಎಂದು ಮೊದಲೇ ಓದಿಕೊಂಡವನಿಗೆ ಅದು ಸಿಗುತ್ತದೆ. ಎತ್ತರ ಹುಟ್ಟಿನಿಂದ ಬಂದದ್ದು. ಹೊತ್ತನ್ನು ಗುರುತಿಸುವುದು ಸಾವಿರಾರು ಸಂಜೆಗಳ ಅಭ್ಯಾಸದಿಂದ ಬರುವಂಥದು.

ಆ ಅಭ್ಯಾಸಕ್ಕೆ ದೇಹ ಜತೆಗೂಡಬೇಕು. ಊಟ ಮತ್ತು ನಿದ್ದೆಯ ಶಿಸ್ತಿಗೆ ಛೆಟ್ರಿಯವರು ಹೆಸರಾದವರು. ಅದಕ್ಕೆ ದುಬಾರಿ ಡಬ್ಬಿಗಳು ಬೇಕೆಂದು ತಾಯಂದಿರು ಅಂದುಕೊಳ್ಳಬೇಕಾಗಿಲ್ಲ. 100 ಗ್ರಾಂ ರಾಗಿಯಲ್ಲಿ ಸುಮಾರು 350 ಮಿಲಿಗ್ರಾಂ ಸುಣ್ಣದ ಅಂಶ ಇದೆ. ಮೂಳೆಗೆ ಬೇಕಾದದ್ದು ಅದೇ. ಪಾವಗಡ, ಶಿರಾ ಸೀಮೆಯ ಹೊಲಗಳಲ್ಲಿ ಬೆಳೆಯುವ ಕಡಲೆಕಾಯಿಯ ಬೀಜದಲ್ಲಿ ತೂಕದ ಕಾಲು ಭಾಗದಷ್ಟು ಪ್ರೋಟೀನ್. ಮುದ್ದೆ, ಹುರುಳಿ ಸಾರು, ಒಂದು ಹಿಡಿ ಕಡಲೆಬೀಜ, ಎಂಟು ಗಂಟೆಯ ನಿದ್ದೆ: ಆಟಗಾರನ ಬುನಾದಿ ಇಲ್ಲಿಯ ಅಡಿಗೆಮನೆಯಲ್ಲೇ ಇದೆ.

ಇಟಲಿಯ ಒಂದು ಹೊಡೆತ

ತಪ್ಪಿದ ಹೊಡೆತದ ಮಾತು ಬಂದಾಗ ಇಟಲಿಯ ರಾಬರ್ಟೊ ಬ್ಯಾಜಿಯೊ ಅವರನ್ನು ನೆನೆಯದೆ ಮುಂದೆ ಹೋಗುವಂತಿಲ್ಲ. ಅವರೂ ಫಾರ್ವರ್ಡ್. 18ನೆಯ ವಯಸ್ಸಿನಲ್ಲಿಯೇ ಮಂಡಿಗೆ ಭಾರಿ ಪೆಟ್ಟು ಬಿದ್ದಿತ್ತು. ಚೇತರಿಸಿಕೊಂಡು 1993ರಲ್ಲಿ ಯೂರೋಪಿನ ಶ್ರೇಷ್ಠ ಆಟಗಾರ ಎನಿಸಿಕೊಂಡರು. 1994ರ ವಿಶ್ವಕಪ್‌ನಲ್ಲಿ ಐದು ಗೋಲು ಹೊಡೆದು ಇಟಲಿಯನ್ನು ಫೈನಲ್‌ಗೆ ಒಯ್ದರು. ಜುಲೈ 17ರಂದು ಅಮೆರಿಕದ ಪಾಸಡೀನಾದಲ್ಲಿ ಬ್ರೆಜಿಲ್ ವಿರುದ್ಧ ಪಂದ್ಯ ಪೆನಾಲ್ಟಿಗೆ ಹೋಯಿತು. ಬ್ಯಾಜಿಯೊ ಹೊಡೆದ ಚೆಂಡು ಅಡ್ಡಪಟ್ಟಿಯ ಮೇಲೆ ಹಾರಿತು. ವಿಶ್ವಕಪ್ ಕೈತಪ್ಪಿತು.

ಪೆನಾಲ್ಟಿಯ ಗುರುತಿನಿಂದ ಗೋಲಿಗೆ 11 ಮೀಟರ್. ಗೋಲಿನ ಎತ್ತರ 2.44 ಮೀಟರ್. ಪಾದದಿಂದ ಹೊರಡುವಾಗ ಚೆಂಡಿನ ಕೋನ ಎರಡೇ ಡಿಗ್ರಿ ಹೆಚ್ಚಾದರೆ 11 ಮೀಟರ್ ಆಚೆ ಅದು ಸುಮಾರು 40 ಸೆಂಟಿಮೀಟರ್ ಮೇಲೇರುತ್ತದೆ. ಎರಡು ಡಿಗ್ರಿ ಎಂದರೆ ಕೋನಮಾಪಕದ ಎರಡು ಸಣ್ಣ ಗೆರೆ. ಅದಕ್ಕಿಂತ ಮೊದಲು ಇಟಲಿಯ ಇನ್ನಿಬ್ಬರೂ ಅವಕಾಶ ಕಳೆದುಕೊಂಡಿದ್ದರು. ಜನ ನೆನಪಿಟ್ಟುಕೊಂಡದ್ದು ಕೊನೆಯವರನ್ನು ಮಾತ್ರ.

ಬ್ಯಾಜಿಯೊ ಅಲ್ಲಿಗೆ ನಿಲ್ಲಲಿಲ್ಲ. 1998ರ ವಿಶ್ವಕಪ್‌ನಲ್ಲಿ ಚಿಲಿ ವಿರುದ್ಧ ಇಟಲಿಗೆ ಪೆನಾಲ್ಟಿ ಸಿಕ್ಕಾಗ ಚೆಂಡು ಇಟ್ಟವರು ಅವರೇ. ಈ ಸಲ ಗೋಲು. 2004ರವರೆಗೆ ಆಡಿ, ಇಟಲಿಯ ಉನ್ನತ ಲೀಗ್‌ನಲ್ಲಿ 205 ಗೋಲು ಗಳಿಸಿ ನಿವೃತ್ತರಾದರು. ದೇಶದ ಪರ 56 ಪಂದ್ಯಕ್ಕೆ 27 ಗೋಲು. ಅಂಕಪಟ್ಟಿಯ ಭಾಷೆಯಲ್ಲಿ ಹೇಳುವುದಾದರೆ ನೂರಕ್ಕೆ ನಲವತ್ತೆಂಟು.

ಕೊನೆಯ ಪರೀಕ್ಷೆಯಲ್ಲಿ ಸೊನ್ನೆ

2018ರ ಜೂನ್‌ನಲ್ಲಿ ಮುಂಬೈಯಲ್ಲಿ ಭಾರತ ತಂಡ ಚೈನೀಸ್ ತೈಪೆಯನ್ನು 5–0ರಿಂದ ಸೋಲಿಸಿದಾಗ ಮೂರು ಗೋಲು ಛೆಟ್ರಿಯವರದು. ನೋಡಲು ಬಂದವರು 2,569 ಜನ. ಅವರು ಕೋಪಗೊಳ್ಳಲಿಲ್ಲ. ‘ಬನ್ನಿ, ಬೈಯುವುದಿದ್ದರೂ ಕ್ರೀಡಾಂಗಣಕ್ಕೆ ಬಂದು ಬೈಯಿರಿ’ ಎಂಬ ಅರ್ಥದಲ್ಲಿ ವಿಡಿಯೊ ಮೂಲಕ ಜನರಲ್ಲಿ ಕೇಳಿಕೊಂಡರು. ಎರಡು ದಿನದ ಅನಂತರ ಕೀನ್ಯಾ ವಿರುದ್ಧ ಅವರ ನೂರನೆಯ ಪಂದ್ಯಕ್ಕೆ ಟಿಕೆಟ್‌ಗಳೆಲ್ಲ ಮಾರಾಟವಾಗಿದ್ದವು. 2019ರಲ್ಲಿ ಪದ್ಮಶ್ರೀ, 2021ರಲ್ಲಿ ಖೇಲ್ ರತ್ನ ಬಂದವು. ಖೇಲ್ ರತ್ನ ಪಡೆದ ಮೊದಲ ಫುಟ್‌ಬಾಲ್ ಆಟಗಾರ ಅವರು.

2024ರ ಜೂನ್ 6ರಂದು ಕೋಲ್ಕತ್ತದಲ್ಲಿ ಬೀಳ್ಕೊಡುಗೆಯ ಪಂದ್ಯ. ಕ್ರೀಡಾಂಗಣ ತುಂಬಿತ್ತು. ಕುವೈತ್ ವಿರುದ್ಧ ಫಲಿತಾಂಶ 0–0. ಎಲ್ಲರೂ ಬಯಸಿದ್ದ ಆ ಒಂದು ಗೋಲು ಬರಲಿಲ್ಲ. ಕೊನೆಯ ಪರೀಕ್ಷೆಯಲ್ಲಿ ಸೊನ್ನೆ. ಹಿಂದಿನ 94ರಲ್ಲಿ ಅದರಿಂದ ಒಂದೂ ಕಡಿಮೆಯಾಗಲಿಲ್ಲ.

ಕ್ಲಬ್ಬಿಗೆ ಆಡುವುದನ್ನು ಮುಂದುವರಿಸಿದರು. 2024ರ ಡಿಸೆಂಬರ್ 7ರಂದು ಕಂಠೀರವದಲ್ಲಿ ಕೇರಳ ಬ್ಲಾಸ್ಟರ್ಸ್ ವಿರುದ್ಧ ಮೂರು ಗೋಲು ಹೊಡೆದಾಗ ವಯಸ್ಸು 40. ಭಾರತ ತಂಡಕ್ಕೆ ಗೋಲು ಹೊಡೆಯುವವರಿಲ್ಲದೆ ಮತ್ತೆ ಕರೆ ಬಂತು. 2025ರ ಮಾರ್ಚ್‌ನಲ್ಲಿ ಶಿಲ್ಲಾಂಗ್‌ನಲ್ಲಿ ಮಾಲ್ಡೀವ್ಸ್ ವಿರುದ್ಧ ತಲೆಯಿಂದ ಹೊಡೆದದ್ದು 95ನೆಯ ಗೋಲು. ಆದರೂ ಅವರು ಮರಳಿದ್ದರಿಂದ ಎಲ್ಲವೂ ಸರಿಹೋಗಲಿಲ್ಲ. 2027ರ ಏಷ್ಯಾ ಕಪ್‌ಗೆ ಭಾರತ ಅರ್ಹತೆ ಪಡೆಯಲಿಲ್ಲ. ಇದನ್ನೂ ಹೇಳಿದರೇ ಲೆಕ್ಕ ಪೂರ್ತಿ.

ಮನೆಯವರಿಗೆ ಎರಡು ಮಾತು

ಇಷ್ಟು ಓದಿ ಯಾವ ಹುಡುಗನೂ ಪುಸ್ತಕ ಮುಚ್ಚಿ ಚೆಂಡು ಹಿಡಿಯಬೇಕಾಗಿಲ್ಲ. ಛೆಟ್ರಿಯವರಂತೆ ಹೊರಟು ಅರ್ಧದಲ್ಲೇ ನಿಂತವರ ಹೆಸರು ಪತ್ರಿಕೆಗಳಲ್ಲಿ ಬರುವುದಿಲ್ಲ. ಅಂಥವರೇ ಬಹಳ. ಓದು ಜತೆಗಿರಲಿ. ಆಟದಲ್ಲಿ ನಿಜವಾದ ಒಲವು ಇರುವ ಮಕ್ಕಳಿಗೆ ಹೋಬಳಿ, ತಾಲ್ಲೂಕು, ಜಿಲ್ಲಾ ಮಟ್ಟದ ಶಾಲಾ ಕ್ರೀಡಾಕೂಟಗಳಿವೆ. ರಾಜ್ಯದ ಕ್ರೀಡಾ ಇಲಾಖೆಯ ಕ್ರೀಡಾ ವಸತಿ ನಿಲಯಗಳಿವೆ. ವೃತ್ತಿಶಿಕ್ಷಣದ ಸೀಟುಗಳಲ್ಲಿ ಕ್ರೀಡಾ ಕೋಟಾ ಇದೆ. ಶಾಲೆಯ ದೈಹಿಕ ಶಿಕ್ಷಕರನ್ನು ಒಮ್ಮೆ ಕಂಡು ಮಾತಾಡಿದರೆ ದಾರಿ ತಿಳಿಯುತ್ತದೆ.

ಎರಡನೆಯದು ಎಲ್ಲ ಮನೆಗಳಿಗೂ ಸಂಬಂಧಿಸಿದ್ದು. ಎಸ್ಸೆಸ್ಸೆಲ್ಸಿಯಲ್ಲಿ 2024ರಿಂದ ‘ಪೂರಕ ಪರೀಕ್ಷೆ’ ಎಂಬ ಹೆಸರು ಹೋಗಿ ಪರೀಕ್ಷೆ-1, ಪರೀಕ್ಷೆ-2 ಎಂಬ ಹೆಸರು ಬಂದಿದೆ. ಮೊದಲನೆಯದರಲ್ಲಿ ಅಂಕ ಸಾಲದವನು ಎರಡನೆಯದನ್ನು ಬರೆದು, ಹೆಚ್ಚು ಬಂದದ್ದನ್ನು ಉಳಿಸಿಕೊಳ್ಳಬಹುದು. ಇಲಾಖೆಯೇ ಮಗುವಿಗೆ ಇನ್ನೊಂದು ಪಂದ್ಯ ಕೊಟ್ಟಿರುವಾಗ, ಮನೆಯವರು ಮೊದಲ ಪಂದ್ಯಕ್ಕೇ ಶಿಳ್ಳೆ ಊದಿ ಆಟ ಮುಗಿಸುವುದು ನ್ಯಾಯವಲ್ಲ.

ಮುಂದಿನ ಫಲಿತಾಂಶದ ದಿನ ಹೊಸ್ತಿಲಲ್ಲಿ ನಿಂತ ಹುಡುಗನನ್ನೋ ಹುಡುಗಿಯನ್ನೋ ‘ಎಷ್ಟು ಬಂತು’ ಎಂದು ಕೇಳುವ ಮೊದಲು ‘ಒಳಗೆ ಬಾ, ಊಟ ಮಾಡು’ ಎನ್ನಿ. ಯಾವ ಲೆಕ್ಕ ಎಲ್ಲಿ ತಪ್ಪಿತು ಎಂದು ಮಾರನೆಯ ದಿನ ಜತೆಗೆ ಕುಳಿತು ನೋಡಬಹುದು. ಅರವತ್ತೆರಡು ಅಂಥ ಕಡಿಮೆಯ ಅಂಕವೇನಲ್ಲ.